ಆರ್‌ಕ್ಲೋನ್ ಇನ್‌ಸ್ಟಾಲ್ ಕೈಪಿಡಿ: ಬರೆದ ಪ್ರತಿ ಕಮಾಂಡನ್ನೂ ವಾರವಾರ ಓಡಿಸಿ ನೋಡಿದ ನನ್ನ ಅನುಭವ

ಗೂಗಲ್ ಡ್ರೈವಿನಂಥ ಆನ್‌ಲೈನ್ ಸಂಗ್ರಹಗಳಿಗೂ ಅಲ್ಲಿಂದಲೂ ಫೈಲು ಸಾಗಿಸುವ ಕಮಾಂಡ್ ತಂತ್ರಾಂಶ ಆರ್‌ಕ್ಲೋನ್. ನಮ್ಮ ಕನ್ನಡ ಕೈಪಿಡಿಯ ಆರ್‌ಕ್ಲೋನ್ ಇನ್‌ಸ್ಟಾಲ್ ಪುಟವನ್ನು ಮೂರು ಸಲ ಹೊಸದಾಗಿ ಬರೆದಿದ್ದೇನೆ. ಮೊದಲ ಎರಡೂ ಆರು ತಿಂಗಳೊಳಗೆ ಹಳಸಿದವು. ಮೂರನೆಯದು ಹೆಚ್ಚುಕಡಿಮೆ ಹದಿನಾಲ್ಕು ತಿಂಗಳಿಂದ ಗಟ್ಟಿಯಾಗಿ ನಿಂತಿದೆ. ಪುಟದಲ್ಲಿರುವ ಪ್ರತಿ ಕಮಾಂಡೂ ವಾರಕ್ಕೊಮ್ಮೆ ಖಾಲಿ ಕಂಟೇನರಿನಲ್ಲಿ (ಏನೂ ಹಾಕಿರದ ಪ್ರತ್ಯೇಕ ಪುಟ್ಟ ಲಿನಕ್ಸ್ ಪರಿಸರ) ತಾನಾಗಿ ಓಡುತ್ತದೆ, ಎಲ್ಲಾದರೂ ಕೆಟ್ಟರೆ ನನಗೆ ಮೇಲ್ ಬರುತ್ತದೆ. ‘ಎರಡು ಪುಟದ ದಾಖಲೆಗೆ ಇಷ್ಟೆಲ್ಲ ಯಾಕೆ? ಆಪ್ಟ್ ಇನ್‌ಸ್ಟಾಲ್ ಅಂತ ಒಂದು ಸಾಲು ಹಾಕಿ ಮುಗಿಸಿ’ ಎಂದವರೇ ಜಾಸ್ತಿ. ಮೊದಲೆರಡು ಆವೃತ್ತಿ ಕೆಟ್ಟದ್ದು ಆ ಒಂದು ಸಾಲಿನಿಂದಲೇ.

ಆಪ್ಟ್, ಅಂದರೆ ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳ ಪ್ಯಾಕೇಜ್ ಕಮಾಂಡ್, ಕೊಡುವ ಆರ್‌ಕ್ಲೋನ್ ಉಬುಂಟು 20.04ರಲ್ಲಿ 1.50.2. ಉಬುಂಟು 22.04 ಮತ್ತು ಡೆಬಿಯನ್ 11ರಲ್ಲಿ 1.53.3. ಇನ್‌ಸ್ಟಾಲ್ ಸಲೀಸಾಗಿ ಆಗುತ್ತದೆ, ಆವೃತ್ತಿ ಕೇಳಿದರೆ ಹೇಳುತ್ತದೆ, ಬ್ರೌಸರ್ ಇಲ್ಲದ ಯಂತ್ರದಲ್ಲಿ ಗೂಗಲ್ ಡ್ರೈವ್ ಜೋಡಿಸುವಾಗ ಕೈಕೊಡುತ್ತದೆ. ಬ್ರೌಸರಿನಲ್ಲಿ ಬಂದ ಕೋಡನ್ನು ಟರ್ಮಿನಲ್ಲಿಗೆ ಅಂಟಿಸುವ ಹಳೆಯ ದಾರಿಯನ್ನು ಗೂಗಲ್ 2022ರಲ್ಲಿ ಮುಚ್ಚುತ್ತ ಬಂತು, ಈ ಹಳೆಯ ಆವೃತ್ತಿಗಳು ಅದನ್ನೇ ನಂಬಿಕೊಂಡಿವೆ. ಓದುಗರು ತಮ್ಮ ಖಾತೆಯಲ್ಲೇ ದೋಷವಿದೆ ಎಂದುಕೊಂಡು ಪಾಸ್‌ವರ್ಡ್ ಬದಲಿಸುತ್ತ ಕೂರುತ್ತಾರೆ. ಡೆಬಿಯನ್ 12 ಮತ್ತು ಉಬುಂಟು 24.04ರ 1.60.1ಕ್ಕೆ ಈ ತೊಂದರೆ ಇಲ್ಲ. ಹಾಗಾಗಿ ನನ್ನ ಪರೀಕ್ಷೆ ‘ಇನ್‌ಸ್ಟಾಲ್ ಆಯಿತೇ’ ಎಂದು ಕೇಳಿ ಸುಮ್ಮನಾಗುವುದಿಲ್ಲ. ಆವೃತ್ತಿ 1.60ಕ್ಕಿಂತ ಕಡಿಮೆ ಇದ್ದರೆ ಫೇಲ್. ಆಮೇಲೆ ಹತ್ತು ಸಣ್ಣ ಫೈಲು ಮಾಡಿ, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಆರ್‌ಕ್ಲೋನ್ ಕಾಪಿ, ಅದರ ಮೇಲೆ ಆರ್‌ಕ್ಲೋನ್ ಚೆಕ್.

ಆಪ್ಟ್ ಬಿಟ್ಟರೆ ಇನ್ನೊಂದು ದಾರಿ ಆರ್‌ಕ್ಲೋನ್‌ನವರೇ ಕೊಡುವ ಇನ್‌ಸ್ಟಾಲ್ ಸ್ಕ್ರಿಪ್ಟ್. ಆ ಅಧಿಕೃತ ಸ್ಕ್ರಿಪ್ಟಿನ ಸಾಲಿನಲ್ಲಿ, ಅದನ್ನು ಡೌನ್‌ಲೋಡ್ ಮಾಡುವ ಕರ್ಲ್‌ಗಿಂತ ಮೊದಲು ‘ಸುಡೊ ಮೈನಸ್ ವಿ’ ಇದೆ. ಅನಗತ್ಯವೆಂದು ಅದನ್ನು ಕಿತ್ತುಹಾಕಬೇಡಿ. ನಿರ್ವಾಹಕ ಅಧಿಕಾರಕ್ಕೆ ಬೇಕಾದ ಪಾಸ್‌ವರ್ಡನ್ನು ಮೊದಲೇ ಕೇಳಿ ಮುಗಿಸುವುದಕ್ಕೆ ಅದು. ಇಲ್ಲದಿದ್ದರೆ ಕರ್ಲ್‌ನ ಪ್ರಗತಿ ಸಾಲುಗಳೊಳಗೆ ಪಾಸ್‌ವರ್ಡ್ ಪ್ರಶ್ನೆ ಕಲೆಸಿಹೋಗಿ, ಕಮಾಂಡ್ ನಿಂತುಬಿಟ್ಟಿದೆ ಎಂದು ಜನ ಕಂಟ್ರೋಲ್ ಸಿ ಒತ್ತುತ್ತಾರೆ. ಖಾಲಿ ಡೆಬಿಯನ್ ಕಂಟೇನರಿನಲ್ಲಿ ಸುಡೊ, ಕರ್ಲ್, ಸಿಎ ಸರ್ಟಿಫಿಕೇಟ್, ಅನ್‌ಜಿಪ್ ಯಾವುದೂ ಇರುವುದಿಲ್ಲ. ಜಿಪ್ ಬಿಚ್ಚಲು ಅನ್‌ಜಿಪ್, 7ಝಡ್, ಬಿಝಿಬಾಕ್ಸ್ ಮೂರರಲ್ಲಿ ಒಂದೂ ಸಿಗದಿದ್ದರೆ ಸ್ಕ್ರಿಪ್ಟ್ 4ರ ಎಕ್ಸಿಟ್ ಕೋಡಿನೊಂದಿಗೆ (ಕಮಾಂಡ್ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ, 0 ಎಂದರೆ ಸರಿ) ನಿಲ್ಲುತ್ತದೆ. ಪೂರ್ವಸಿದ್ಧತೆಯ ಸಾಲು ಪುಟಕ್ಕೆ ಸೇರಿದ್ದು ಇದರಿಂದ. ಹೊಸ ಆವೃತ್ತಿ ಆಗಲೇ ಇದ್ದರೆ ಬರುವುದು 3. ಇದು ತಪ್ಪಲ್ಲ, ಆದರೆ ನನ್ನ ಪರೀಕ್ಷೆ ಸೊನ್ನೆ ಬಿಟ್ಟು ಉಳಿದದ್ದನ್ನೆಲ್ಲ ಕೆಂಪಾಗಿ ತೋರಿಸುತ್ತಿತ್ತು. ಹಳೆಯ ಕಂಟೇನರ್ ಪದರ ಕ್ಯಾಶ್‌ನಲ್ಲಿ ಉಳಿದಿದ್ದರಿಂದ ಮೂರು ವಾರ ಸುಳ್ಳು ಮೇಲ್ ಬಂತು. ಈಗ 0 ಮತ್ತು 3 ಎರಡೂ ಪಾಸ್.

ದುಡ್ಡು ಹೆಚ್ಚು ಹಾಳಾಗಿದ್ದು ಸ್ಕ್ರೀನ್‌ಶಾಟಿನಲ್ಲಿ. ಪುಟದ ಎರಡನೇ ಆವೃತ್ತಿಗೆ ನಲವತ್ತರಷ್ಟು ಚಿತ್ರ ತೆಗೆಸಿ ಕನ್ನಡದಲ್ಲಿ ಗುರುತು ಹಾಕಿಸಲು ಸುಮಾರು ₹6,000 ಕೊಟ್ಟೆ. ಸೇವೆ ಜೋಡಿಸುವ ಕಾನ್ಫಿಗ್ ಪರದೆಯಲ್ಲಿ ಸ್ಟೋರೇಜ್ ಪಟ್ಟಿ ಅಕಾರಾದಿಯಾಗಿ ಬರುತ್ತದೆ. ಹೊಸ ಸೇವೆಯೊಂದು ನಡುವೆ ಸೇರಿದರೆ ಗೂಗಲ್ ಡ್ರೈವಿನ ಸಂಖ್ಯೆ ಜಾರುತ್ತದೆ. ಚಿತ್ರದಲ್ಲಿ ಕೆಂಪು ವೃತ್ತ ಹಾಕಿದ ಸಂಖ್ಯೆ ಒತ್ತಿದವರು ಬೇರೆಯೇ ಸೇವೆಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದರು. ಚಿತ್ರಗಳನ್ನೆಲ್ಲ ತೆಗೆದೆ. ‘ಸಂಖ್ಯೆ ಬೇಡ, ಡ್ರೈವ್ ಎಂಬ ಪದವನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ’ ಎಂಬ ಒಂದು ಸಾಲು ಎಲ್ಲ ಆವೃತ್ತಿಗೂ ನಡೆಯುತ್ತದೆ. ಪರೀಕ್ಷೆಗೆಂದು ಬಾಡಿಗೆಗೆ ಪಡೆದ ವರ್ಚುವಲ್ ಯಂತ್ರಗಳಿಗೆ ತಿಂಗಳಿಗೆ ₹900ರಷ್ಟು ಹೋಗುತ್ತಿತ್ತು. ಐದಾರು ತಿಂಗಳು ಕೊಟ್ಟಿರಬೇಕು. ಕೋಡ್ ಇಡುವ, ಪರೀಕ್ಷೆ ಓಡಿಸುವ ತಾಣವಾದ ಗಿಟ್‌ಹಬ್‌ಗೆ ಬಂದಾಗ ಮೊದಲು ಖಾಸಗಿ ರೆಪೊ (ಕೋಡ್ ಸಂಗ್ರಹ) ಇಟ್ಟೆ. ತಿಂಗಳಿಗೆ 2,000 ನಿಮಿಷ ಉಚಿತ, ಆದರೆ ವಿಂಡೋಸಿನ ಒಂದು ನಿಮಿಷ ಎರಡಾಗಿ, ಮ್ಯಾಕಿನದು ಹತ್ತಾಗಿ ಲೆಕ್ಕಕ್ಕೆ ಬೀಳುತ್ತಿತ್ತು. ಪ್ರತಿ ಅಲ್ಪವಿರಾಮದ ತಿದ್ದುಪಡಿಗೂ ಮ್ಯಾಕ್ ಓಡಿ ಕೋಟಾ ಹತ್ತು ದಿನದಲ್ಲಿ ಮುಗಿಯಿತು. ರೆಪೊ ಸಾರ್ವಜನಿಕ ಮಾಡಿದ ಮೇಲೆ ಖರ್ಚು ಸೊನ್ನೆ.

ಬ್ರೌಸರ್ ಇಲ್ಲದ ಸರ್ವರಿಗೆ ಎರಡು ದಾರಿ ಬರೆದಿದ್ದೇನೆ. ಬ್ರೌಸರ್ ಬಳಸಿ ತಾನಾಗಿ ಅನುಮತಿ ಪಡೆಯಲೇ ಎಂದು ಕೇಳುವ ‘ಆಟೊ ಕಾನ್ಫಿಗ್’ ಪ್ರಶ್ನೆಗೆ ಬೇಡ ಎಂದರೆ ಅದೇ ಒಂದು ಆರ್‌ಕ್ಲೋನ್ ಆಥರೈಸ್ ಕಮಾಂಡ್ ತೋರಿಸುತ್ತದೆ. ಅದನ್ನು ಬ್ರೌಸರ್ ಇರುವ ಯಂತ್ರದಲ್ಲಿ ಓಡಿಸಿ, ಬಂದ ಟೋಕನ್ (ಅನುಮತಿಯ ಗುರುತಾದ ಅಕ್ಷರಸಾಲು) ತಂದು ಅಂಟಿಸಬೇಕು. ಎರಡೂ ಕಡೆ ಒಂದೇ ಆವೃತ್ತಿ ಇರಲಿ. ಇಲ್ಲವೇ ಸರ್ವರಿಗೆ ದೂರದಿಂದ ಸೇರುವ ಎಸ್‌ಎಸ್‌ಎಚ್‌ನಲ್ಲಿ, ಆರ್‌ಕ್ಲೋನ್ ಅನುಮತಿಗಾಗಿ ಬಳಸುವ 53682 ಪೋರ್ಟನ್ನು ನಿಮ್ಮ ಯಂತ್ರಕ್ಕೆ ಎಳೆದುಕೊಂಡು, ಆಟೊ ಕಾನ್ಫಿಗ್‌ಗೆ ಹೌದು ಎನ್ನಿ. ನನಗೆ ಎರಡನೆಯದೇ ಹಿಡಿಸಿದ್ದು, ಉದ್ದದ ಟೋಕನ್ ಅರ್ಧಕ್ಕೆ ತುಂಡಾಗುವ ಕಾಟ ಇಲ್ಲ.

ನಡುವೆ ಒಂದು ಅಡ್ಡಪ್ರಯೋಗ. ಕಮಾಂಡ್ ಕಣ್ಣಿಗೆ ಸರಿಯಾಗಿಯೇ ಇದೆ, ಟರ್ಮಿನಲ್ ಮಾತ್ರ ‘ಕಮಾಂಡ್ ನಾಟ್ ಫೌಂಡ್’ ಅನ್ನುತ್ತದೆ ಎಂಬ ದೂರು ಮತ್ತೆ ಮತ್ತೆ ಬರುತ್ತಿತ್ತು. ಕಾರಣ ಕನ್ನಡದ್ದೇ. ಒತ್ತಕ್ಷರ ಬೀಳದಿರಲಿ ಎಂದು ನಾವು ಹಾಕುವ ಕಾಣದ ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ, ಕಮಾಂಡಿಗೆ ‘-ನಲ್ಲಿ’ ಪ್ರತ್ಯಯ ಅಂಟಿಸಿದ ಕಡೆ ಕಾಪಿ ಮಾಡುವಾಗ ಜೊತೆಗೇ ಬರುತ್ತಿತ್ತು. ಈಗ ಕಮಾಂಡಿಗೆ ಪ್ರತ್ಯಯ ಅಂಟಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಸಾಲು. ಕೋಡ್ ತುಂಡಿನಲ್ಲಿ ಆಸ್ಕಿ (ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಬಿಟ್ಟು ಬೇರೆ ಅಕ್ಷರ ಸಿಕ್ಕರೆ ಫೇಲ್ ಮಾಡುವ ಒಂದು ಸಾಲಿನ ಗ್ರೆಪ್ (ಪಠ್ಯ ಹುಡುಕುವ ಕಮಾಂಡ್) ಹಾಕಿದೆ. ವರ್ಡ್ ಪ್ರೊಸೆಸರ್ ಎರಡು ಹೈಫನ್ನುಗಳನ್ನು ಒಂದು ಉದ್ದ ಗೆರೆ ಮಾಡಿದ್ದು, ಬಾಗಿದ ಉದ್ಧರಣ ಚಿಹ್ನೆ, ಪೋರ್ಟ್ ಸಂಖ್ಯೆಯಲ್ಲಿ ಕನ್ನಡ ಅಂಕಿ, ಎಲ್ಲ ಅದರಲ್ಲೇ ಸಿಕ್ಕಿಬಿದ್ದವು. ಮೊದಲ ದಿನವೇ ಇಪ್ಪತ್ತಕ್ಕೂ ಹೆಚ್ಚು ಕಡೆ. ಕನ್ನಡದಲ್ಲಿ ತಾಂತ್ರಿಕ ಕೈಪಿಡಿ ಬರೆಯುವವರು ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಪುಟದಿಂದ ಕೋಡ್ ಹೆಕ್ಕಿ ಓಡಿಸುವ ಸ್ಕ್ರಿಪ್ಟ್ ನಲವತ್ತು ಸಾಲಿನದು, ಯಾರೂ ಬರೆದುಕೊಳ್ಳಬಹುದು. ಕಾನ್ಫಿಗ್ ಪ್ರಶ್ನೆಗಳಿಗೆ ಅದು ಉತ್ತರ ತುಂಬುವ ಬಗೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೌಂಟ್ (ಆನ್‌ಲೈನ್ ಸಂಗ್ರಹವನ್ನು ಯಂತ್ರದ ಫೋಲ್ಡರಿನಂತೆ ತೋರಿಸುವುದು) ಬಗ್ಗೆ ಮೂರೇ ಸಾಲು: ಲಿನಕ್ಸಿನಲ್ಲಿ ‘ಫ್ಯೂಸರ್‌ಮೌಂಟ್3’ ಸಿಗಲಿಲ್ಲ ಎಂದರೆ ಫ್ಯೂಸ್3 ಪ್ಯಾಕೇಜ್ ಹಾಕಿ. ಮ್ಯಾಕಿನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ಸಾಧನ ಹಾಕಿದ ಆರ್‌ಕ್ಲೋನ್ ಮೌಂಟ್ ಮಾಡುವುದಿಲ್ಲ, ಅಧಿಕೃತ ಬೈನರಿಯೇ ಬೇಕು. ಉಬುಂಟುವಿನ ಸ್ನ್ಯಾಪ್ ಪ್ಯಾಕೇಜಿನಲ್ಲೂ ಮೌಂಟ್ ಇಲ್ಲ, ಕಾನ್ಫಿಗ್ ಫೈಲಿನ ಜಾಗವೂ ಬೇರೆ.

ಮೊದಲು ವಾರಕ್ಕೆ ಹತ್ತು ಹನ್ನೆರಡು ಇನ್‌ಸ್ಟಾಲ್ ಪ್ರಶ್ನೆ ಬರುತ್ತಿದ್ದವು, ಈಗ ಒಂದೋ ಎರಡೋ. ಅವೂ ಬಹುಪಾಲು ವಿಂಡೋಸ್ 7 ಇಟ್ಟುಕೊಂಡಿರುವ ಫೋಟೊ ಸ್ಟುಡಿಯೊಗಳಿಂದ. ಅಲ್ಲಿ ಓಡುವ ಕೊನೆಯ ಆವೃತ್ತಿ 1.63.1, ಅದಕ್ಕೆ ಬೇರೆ ಪುಟವನ್ನೇ ಮಾಡಿದೆ. ಆ ಪುಟದಿಂದ ಸೆಲ್ಫ್‌ಅಪ್‌ಡೇಟ್ ಕಮಾಂಡನ್ನು ತೆಗೆದಿದ್ದೇನೆ, ಅದು ಹೊಸದನ್ನು ತಂದಿಟ್ಟರೆ ಆರ್‌ಕ್ಲೋನ್ ಶುರುವೇ ಆಗುವುದಿಲ್ಲ. ಈಗಾಗಲೇ ಓಡಿಸಿಬಿಟ್ಟವರು ಅದೇ ಫೋಲ್ಡರಿನಲ್ಲಿ ‘ಆರ್‌ಕ್ಲೋನ್ ಡಾಟ್ ಓಲ್ಡ್ ಡಾಟ್ ಇಎಕ್ಸ್‌ಇ’ ಇದೆಯೇ ನೋಡಿ. ಹೊಸದನ್ನು ಅಳಿಸಿ ಅದರ ಹೆಸರಿನಿಂದ ‘ಓಲ್ಡ್’ ತೆಗೆದರೆ ಹಳೆಯದು ಮತ್ತೆ ಓಡುತ್ತದೆ.