ಕೋವಿಡ್ ಹೋಯ್ತು, ಸುಸ್ತು ಹೋಗಲಿಲ್ಲ: ಈಗೇನು ಮಾಡುವುದು?

ಜ್ವರ ಬಿಟ್ಟಿದೆ, ಕೆಮ್ಮು ನಿಂತಿದೆ, ಟೆಸ್ಟ್ ನೆಗೆಟಿವ್. ಆದರೂ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಎದೆ ಡವಡವ, ಮೀಟಿಂಗಿನಲ್ಲಿ ಆಡಬೇಕಾದ ಮಾತು ನಾಲಿಗೆ ತುದಿಗೆ ಬಂದು ಮಾಯ, ಬಟ್ಟೆ ಒಗೆದು ಹರವಿದರೆ ಆ ದಿನವೆಲ್ಲ ಹಾಸಿಗೆ. ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಹೀಗೇ ಇದ್ದು, ಕನಿಷ್ಠ ಎರಡು ತಿಂಗಳಿಂದ ಎಳೆದುಕೊಂಡು ಬಂದಿದ್ದು, ಬೇರೆ ಕಾಯಿಲೆ ಕಾರಣವಲ್ಲ ಎಂದಾದರೆ ಅದು ಲಾಂಗ್ ಕೋವಿಡ್. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಹೀಗೆ ಹೇಳಿತು. ಆಸ್ಪತ್ರೆ ಮೆಟ್ಟಿಲನ್ನೇ ಹತ್ತದವರಿಗೂ ಇದು ಬರುತ್ತದೆ. ಇದನ್ನು ವಾಸಿ ಮಾಡುವ ಒಂದೇ ಮಾತ್ರೆ ಅಂತ ಯಾವುದೂ ಇಲ್ಲ, ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ಮೊದಲು ಬೇರೆ ಕಾಯಿಲೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಎಲ್ಲ ಸುಸ್ತೂ ಕೋವಿಡ್ಡಿನದಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ ಎಲ್ಲವೂ ಹೀಗೇ ಕಾಡುತ್ತವೆ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಮಾಮೂಲು. ಲ್ಯಾಬಿನವರ ಫುಲ್ ಬಾಡಿ ಪ್ಯಾಕೇಜಿಗೆ ಸುಮ್ನೆ ದುಡ್ಡು ಸುರಿಯುವ ಬದಲು ನಿಮ್ಮನ್ನು ಮೊದಲಿಂದ ನೋಡುತ್ತಿರುವ ಡಾಕ್ಟರ ಹತ್ತಿರ ಹೋಗಿ, ಬೇಕಾದಷ್ಟೇ ರಕ್ತಪರೀಕ್ಷೆ, ಒಂದು ಇಸಿಜಿ ಮಾಡಿಸಿ. ರಿಪೋರ್ಟ್ ಎಲ್ಲ ನಾರ್ಮಲ್ ಬಂದರೆ "ನಿಂಗೇನೂ ಆಗಿಲ್ಲ, ಎಲ್ಲ ಮನಸ್ಸಿನದು" ಎನ್ನುವವರು ಸಿಕ್ಕೇ ಸಿಗುತ್ತಾರೆ. ಮಾಮೂಲು ಪರೀಕ್ಷೆಗಳಲ್ಲಿ ಲಾಂಗ್ ಕೋವಿಡ್ ಕಾಣಿಸದಿರಬಹುದು, ಅಷ್ಟೇ.

ಆಮೇಲೆ, ಕಡಿಮೆ ಮಾಡಲು ಕಲಿಯಿರಿ

ಕಷ್ಟದ್ದು ಇದೇ. ಭಾನುವಾರ ಸ್ವಲ್ಪ ಗೆಲುವಾಗಿದ್ದೀರಿ ಅಂತ ಗಾಂಧಿಬಜಾರಿಗೆ ಹೋಗಿ ತರಕಾರಿ ತಂದು, ಬಂದ ನೆಂಟರಿಗೆ ಅಡುಗೆ ಮಾಡಿ, ರಾತ್ರಿ ಪಾತ್ರೆಯನ್ನೂ ತೊಳೆದಿಟ್ಟು ಮಲಗುತ್ತೀರಿ. ಸೋಮವಾರ ಪರವಾಗಿಲ್ಲ. ಮಂಗಳವಾರ ಕೈ ಎತ್ತಲು ಆಗುವುದಿಲ್ಲ. ಪೆಟ್ಟು ಹೀಗೆ ಒಂದೆರಡು ದಿನ ತಡವಾಗಿ ಬೀಳುವುದರಿಂದ ಕಾರಣ ಭಾನುವಾರದ ಓಡಾಟ ಎಂದು ಯಾರಿಗೂ ಹೊಳೆಯುವುದಿಲ್ಲ.

ಅದಕ್ಕೇ ಎರಡು ವಾರ ಬರೆದಿಡಿ. ಏನು ಮಾಡಿದಿರಿ, ಎಷ್ಟು ಹೊತ್ತು, ಮರುದಿನ ಮತ್ತು ಅದರ ಮರುದಿನ ಹೇಗಿದ್ದಿರಿ. ಹಾಳೆ ನೋಡಿದರೆ ನಿಮ್ಮ ಮಿತಿ ತಾನೇ ಕಾಣುತ್ತದೆ. ಆ ಮಿತಿಗಿಂತ ಸ್ವಲ್ಪ ಒಳಗೇ ಇರಿ, ಚೆನ್ನಾಗಿದ್ದ ದಿನವೂ. ತರಕಾರಿ ಕೂತು ಹೆಚ್ಚಿ, ಸ್ಟೂಲ್ ಹಾಕಿಕೊಂಡು ಸ್ನಾನ ಮಾಡಿ, ಸುಸ್ತಾಗುವ ಮೊದಲೇ ಮಲಗಿ. ತಲೆಗೆ ಕೊಡುವ ಕೆಲಸವೂ ಲೆಕ್ಕಕ್ಕೆ ಸೇರುತ್ತದೆ. ಎರಡು ಗಂಟೆ ಎಕ್ಸೆಲ್ ನೋಡಿದರೂ ಅಷ್ಟೇ ಪೆಟ್ಟು. ಆಫೀಸಿಗೆ ಡಾಕ್ಟರ ಚೀಟಿ ಕೊಟ್ಟು ಕೆಲವು ದಿನ ಮನೆಯಿಂದ ಕೆಲಸ ಕೇಳಿ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲೇ ಅರ್ಧ ಶಕ್ತಿ ಹೋದರೆ ಕೆಲಸಕ್ಕೆ ಉಳಿಯುವುದೇನು, ಅಲ್ವಾ?

"ಲಾಲ್‌ಬಾಗಲ್ಲಿ ದಿನಾ ನಾಲ್ಕು ರೌಂಡ್ ಹಾಕು, ಸರಿಹೋಗುತ್ತೆ" ಅಂತ ಚಿಕ್ಕಪ್ಪ ಹೇಳುತ್ತಾರೆ. ಶ್ರಮದ ಮರುದಿನ ನೆಲಕಚ್ಚುವವರಿಗೆ ಆ ಮಾತು ಕೆಡುಕೇ ಮಾಡುತ್ತದೆ. ಹಾಗಾಗದವರು ನಿಧಾನವಾಗಿ ನಡಿಗೆ ಹೆಚ್ಚಿಸಬಹುದು.

ನಿಂತರೆ ಎದೆ ಹೊಡೆದುಕೊಳ್ಳುತ್ತಾ?

2021ರಲ್ಲಿ ಕೊಂಡು ಬೀರುವಿಗೆ ಸೇರಿಸಿದ ಆಕ್ಸಿಮೀಟರ್ ಹೊರಗೆ ತೆಗೆಯಿರಿ. ಹತ್ತು ನಿಮಿಷ ಮಲಗಿ ನಾಡಿ ನೋಡಿ, ಆಮೇಲೆ ಹತ್ತು ನಿಮಿಷ ನಿಂತು ಆಗಾಗ ನೋಡಿ. ತಲೆ ಸುತ್ತಿದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಲಿ. ದೊಡ್ಡವರಲ್ಲಿ ನಾಡಿ ಮಲಗಿದ್ದಾಗಿಗಿಂತ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ಉಳಿದರೆ ಆ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ. ನಿಂತಾಗ ನಾಡಿ ವಿಪರೀತ ಏರುವ ಪಾಟ್ಸ್ (POTS) ಎಂಬ ತೊಂದರೆ ಇರಬಹುದು. ನೀರು ಜಾಸ್ತಿ, ಉಪ್ಪು ಜಾಸ್ತಿ, ಬಿಗಿ ಕಾಲುಚೀಲ ಇದಕ್ಕೆ ನೆರವಾಗುತ್ತವೆ. ಆದರೆ ಬಿಪಿ, ಕಿಡ್ನಿ ತೊಂದರೆ ಇರುವವರು ಕೇಳದೆ ಉಪ್ಪು ಹೆಚ್ಚಿಸಬಾರದು.

ವಾಸನೆ ಗೊತ್ತಾಗದಿದ್ದರೆ

ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ಬೇರೆಬೇರೆ ಡಬ್ಬಿಯಲ್ಲಿಡಿ. ನೀಲಗಿರಿ ಎಣ್ಣೆ ಹತ್ತಿಯ ಮೇಲಿರಲಿ, ಮೂಗಿಗೆ ಹಚ್ಚಬೇಡಿ. ಬೆಳಿಗ್ಗೆ, ಸಂಜೆ ಒಂದೊಂದನ್ನೂ 20 ಸೆಕೆಂಡ್ ಮೆಲ್ಲಗೆ ಮೂಸಿ, ಅದರ ವಾಸನೆ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ಕೆಲವರಿಗೆ ಒಗ್ಗರಣೆ, ಕಾಫಿ ಎಲ್ಲ ಸುಟ್ಟ ರಬ್ಬರಿನ ಹಾಗೆ ನಾರುತ್ತದೆ. ಅಂಥವರಿಗೆ ತಣ್ಣಗಿನ ಮೊಸರನ್ನವೇ ವಾಸಿ. ಗ್ಯಾಸ್ ಸೋರಿದರೂ ತಿಳಿಯುವುದಿಲ್ಲವಾದ್ದರಿಂದ ಮಲಗುವಾಗ ರೆಗ್ಯುಲೇಟರ್ ಆಫ್ ಮಾಡಲು ಮರೆಯಬೇಡಿ.

ಕಾಯಬಾರದ್ದು

ಎದೆನೋವು, ಸುಮ್ಮನೆ ಕೂತಾಗಲೂ ಏದುಸಿರು, ಮುಖ ಸೊಟ್ಟಗಾಗುವುದು, ಒಂದೇ ಕೈಯ ಶಕ್ತಿ ಹೋಗುವುದು, ಒಂದೇ ಕಾಲು ಊದಿ ನೋಯುವುದು. ಇವನ್ನು ಬರೆದಿಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬದುಕೇ ಸಾಕು ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.