ಆಪರೇಷನ್ ಗಾಯ ಕೀವಾಗಬಾರ್ದು ಅಂದ್ರೆ ಸ್ಟಾಫ್‌ಗೆ ಟ್ರೈನಿಂಗ್ ಹೇಗೆ ಕೊಡೋದು?

ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಸ್ಲೈಡ್ ತೋರಿಸಿ ಕೊನೇಲಿ ಸೈನ್ ತಗೊಂಡು ಕಳಿಸಿದ್ರೆ ಅದು ಟ್ರೈನಿಂಗ್ ಅಲ್ಲ, ಫೈಲಿಗೆ ಬೇಕಾದ ಪೇಪರ್ ಅಷ್ಟೇ. ಎಂಟು ಹತ್ತು ಜನರ ಬ್ಯಾಚ್ ಮಾಡಿ, ಅವರವರ ವಾರ್ಡಲ್ಲೇ, ಡ್ಯೂಟಿ ಚೇಂಜ್ ಆಗೋ ಹೊತ್ತಲ್ಲಿ ಹದಿನೈದು ನಿಮಿಷ ಸಾಕು. ಆಯಾಗಳು, ವಾರ್ಡ್ ಬಾಯ್, ಓಟಿ (ಆಪರೇಷನ್ ಥಿಯೇಟರ್) ಒರೆಸೋರು ಎಲ್ರೂ ಇರ್ಲಿ, ಇವರನ್ನ ಕರೆಯೋದೇ ಮರೆತುಬಿಡ್ತಾರೆ.

ಮೊದ್ಲು ಕೈ. ಹ್ಯಾಂಡ್ ರಬ್ (ಕೈಗೆ ಹಚ್ಚೋ ಸ್ಯಾನಿಟೈಸರ್) ಆದ್ರೆ 20-30 ಸೆಕೆಂಡ್, ಸೋಪು ನೀರಾದ್ರೆ 40-60 ಸೆಕೆಂಡ್ ಅಂತ ಬಾಯಲ್ಲಿ ಹೇಳಿದ್ರೆ ಎಲ್ರೂ ತಲೆ ಆಡಿಸ್ತಾರೆ, ಅಲ್ಲಿಗೆ ಮುಗೀತು. ಅದಕ್ಕೇ ಯುವಿ ಲೈಟಲ್ಲಿ ಹೊಳೆಯೋ ಹ್ಯಾಂಡ್ ರಬ್ ತರಿಸಿ, ದಿನಾ ಹೇಗೆ ಉಜ್ಜಿಕೋತೀರೋ ಹಾಗೇ ಉಜ್ಜಿ ಅನ್ನಿ, ಆಮೇಲೆ ಕೈನ ಲೈಟ್ ಕೆಳಗೆ ಇಡಿಸಿ. ಅಂಗೈ ಪೂರ್ತಿ ಫಳಫಳ ಅಂತಿರತ್ತೆ, ಹೆಬ್ಬೆರಳು ಮಾತ್ರ ಬುಡದಿಂದ ಕಪ್ಪು, ಬೆರಳ ತುದಿಗಳೂ ಕಪ್ಪು, ಅಂದ್ರೆ ಅಲ್ಲಿಗೆ ರಬ್ ತಾಗೇ ಇಲ್ಲ. ಎಷ್ಟೋ ವರ್ಷ ಸರ್ವಿಸ್ ಆಗಿರೋ ಸಿಸ್ಟರ್ ಕೂಡ ಆಗ ಮಾತಾಡ್ದೆ ಇನ್ನೊಂದ್ಸಲ ಉಜ್ಜೋಕೆ ಶುರು ಮಾಡ್ತಾರೆ. ಉಂಗುರದ ಕೆಳಗೂ ಹಾಗೇ ಕಪ್ಪು ಕಾಣೋದ್ರಿಂದ, ಉಂಗುರ ತೆಗೀರಿ ಅಂತ ಬೇರೆ ಲೆಕ್ಚರ್ ಬೇಕಾಗಲ್ಲ.

ಆಮೇಲೆ ಪೇಶೆಂಟ್‌ನ ರೆಡಿ ಮಾಡೋದು, ಇಲ್ಲಿ ಹಳೇ ಅಭ್ಯಾಸಗಳದ್ದೇ ತಲೆನೋವು. ಹಿಂದಿನ ರಾತ್ರಿನೇ ರೇಜರ್‌ನಲ್ಲಿ ಶೇವ್ ಮಾಡಿಬಿಡ್ತಾರೆ, ಕಣ್ಣಿಗೆ ಕಾಣದ ಗೀರು ಬಿದ್ದು ಅಲ್ಲಿ ಬ್ಯಾಕ್ಟೀರಿಯಾ ಸೇರ್ಕೊಳ್ಳತ್ತೆ. ಶೇವ್ ಮಾಡಲೇಬೇಡಿ, ಕೂದಲು ತೆಗೀಲೇಬೇಕಂದ್ರೆ ಕ್ಲಿಪ್ಪರ್ (ಕೂದಲು ಕತ್ತರಿಸೋ ಮಷಿನ್) ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ನನ್ನ ಕೇಳಿದ್ರೆ ಇದಕ್ಕೆ ಪಾಠನೇ ಬೇಡ, ಟ್ರೇಯಿಂದ ರೇಜರ್ ಎತ್ತಿಟ್ಟು ಕ್ಲಿಪ್ಪರ್ ಇಡಿ. ಸ್ಕಿನ್‌ಗೆ ಹಚ್ಚಿದ ಸ್ಪಿರಿಟ್ ಸೊಲ್ಯೂಷನ್ ತಾನಾಗೇ ಒಣಗ್ಬೇಕು, ಒರೆಸೋ ಹಾಗಿಲ್ಲ.

ಆಂಟಿಬಯಾಟಿಕ್ ಕೊಯ್ಯೋಕೆ ಮುಂಚಿನ 120 ನಿಮಿಷದೊಳಗೆ ಹೋಗ್ಬೇಕು, ಸೆಫಾಜೊಲಿನ್ ಥರದ್ದು ರಕ್ತದಲ್ಲಿ ಬೇಗ ಇಳಿದುಹೋಗತ್ತೆ, ಹಾಗಾಗಿ 60 ನಿಮಿಷದೊಳಗೆ. ಆದ್ರೆ ಓಟಿಲಿ ಕೊಡ್ತಾರೆ ಅಂತ ವಾರ್ಡ್‌ನೋರು, ವಾರ್ಡಲ್ಲೇ ಆಗಿರತ್ತೆ ಅಂತ ಓಟಿಯೋರು, ಕೊನೆಗೆ ಯಾರೂ ಕೊಟ್ಟಿರಲ್ಲ! ಕೊಡೋರು ಯಾರು ಅಂತ ಫಿಕ್ಸ್ ಮಾಡಿ, ಟೈಮ್ ಔಟ್ (ಕೊಯ್ಯೋಕೆ ಮುಂಚೆ ಎಲ್ರೂ ನಿಂತು ಚೆಕ್ ಮಾಡ್ಕೊಳ್ಳೋದು) ಮಾಡುವಾಗ ಆಂಟಿಬಯಾಟಿಕ್ ಕೊಟ್ರಾ ಅಂತ ಜೋರಾಗಿ ಕೇಳೋದನ್ನ ರಿಹರ್ಸಲ್ ಮಾಡಿಸಿ.

ಕೊನೇದು ಲೆಕ್ಕ. ಸುಮಾರು ಇನ್ಫೆಕ್ಷನ್ ಡಿಸ್ಚಾರ್ಜ್ ಆದ್ಮೇಲೇ ಕಾಣಿಸೋದು, ಅದಕ್ಕೆ 30 ದಿನದವರೆಗೂ ಫೋನ್ ಮಾಡಿ ವಿಚಾರಿಸ್ಬೇಕು, ಇಂಪ್ಲಾಂಟ್ (ಮೈಯೊಳಗೆ ಕೂರಿಸೋ ರಾಡು, ಪ್ಲೇಟು ಥರದ್ದು) ಹಾಕಿದ್ರೆ 90 ದಿನ. ಎಷ್ಟು ಆಪರೇಷನ್, ಎಷ್ಟು ಇನ್ಫೆಕ್ಷನ್ ಅಂತ ತಿಂಗಳಿಗೊಮ್ಮೆ ವಾರ್ಡ್ ಬೋರ್ಡ್‌ನಲ್ಲಿ ಬರೀರಿ. ಯಾರ ಹೆಸರೂ ಹಾಕ್ಬೇಡಿ, ಹಾಕಿದ್ರೆ ಮುಂದಿನ ತಿಂಗಳಿಂದ ಕೇಸ್ ಹೇಳೋರೇ ಇರಲ್ಲ.