ಕರ್ನಲ್ ಐಪಿ ತಂದುಕೊಟ್ಟಿತು, ಆಮೇಲೆ ಮರೆತುಬಿಟ್ಟಿತು

ನಾನು ನೋಡಿಕೊಳ್ಳುತ್ತಿದ್ದ ಲ್ಯಾಬಿನಲ್ಲಿ 36 ಮಷೀನುಗಳಿದ್ದವು. ಒಂದಕ್ಕೂ ಹಾರ್ಡ್‌ಡಿಸ್ಕ್ ಇರಲಿಲ್ಲ. ಆನ್ ಮಾಡಿದರೆ ಪಿಎಕ್ಸ್‌ಇ (ನೆಟ್‌ವರ್ಕಿನಿಂದಲೇ ಬೂಟ್ ಆಗುವ ವಿಧಾನ) ಮೂಲಕ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಬರುತ್ತಿತ್ತು. ಉಳಿದ ಫೈಲುಗಳೆಲ್ಲ ಇರುವ ರೂಟ್ ಫೈಲ್‌ಸಿಸ್ಟಮ್ ಎನ್‌ಎಫ್‌ಎಸ್ ಸರ್ವರಿನಲ್ಲಿ, ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಮಷೀನಿನಲ್ಲಿ, ಇತ್ತು. ಐಪಿ ವಿಳಾಸ ತರುವ ಕೆಲಸವನ್ನು ಕರ್ನಲ್‌ಗೇ ಬಿಟ್ಟಿದ್ದೆ. ಬೂಟ್ ಸಾಲಿನಲ್ಲಿ ‘ಐಪಿ=ಡಿಎಚ್‌ಸಿಪಿ’ ಅಂತ ಬರೆದರೆ ಆಯ್ತು. ಡಿಎಚ್‌ಸಿಪಿ ಅಂದರೆ ಸರ್ವರನ್ನು ಕೇಳಿ ಐಪಿ ವಿಳಾಸ ಪಡೆಯುವ ಪದ್ಧತಿ. ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗುವ ಮುಂಚೆ ಬಳಸುವ ಪುಟ್ಟ ತಾತ್ಕಾಲಿಕ ಫೈಲ್‌ಸಿಸ್ಟಮ್) ಬೇಡ, ಬೇರೆ ಕ್ಲೈಂಟ್ ಪ್ರೋಗ್ರಾಂ ಬೇಡ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಮಾತ್ರ ಆಮೇಲೆ ಸೇರಿಸುವ ಮಾಡ್ಯೂಲ್ ಆಗಿರದೆ ಕರ್ನಲ್ ಒಳಗೇ ಇರಬೇಕು. ಮಾಡ್ಯೂಲ್ ಇಟ್ಟಿರುವ ಜಾಗವೇ ಆಗ ಇನ್ನೂ ಕೈಗೆ ಸಿಕ್ಕಿರುವುದಿಲ್ಲ, ಅಲ್ವಾ? ಅದೊಂದು ಬಿಟ್ಟರೆ ಸಲೀಸು.

ತೊಂದರೆ ಶುರುವಾಗಿದ್ದು ಮಧ್ಯಾಹ್ನದ ಬ್ಯಾಚಿನಲ್ಲಿ. ಯಾವುದೋ ಎರಡು ಮಷೀನು ಸುಮ್ನೆ ನಿಂತುಬಿಡುತ್ತಿದ್ದವು. ಪರದೆ ಮೇಲೆ ಎನ್‌ಎಫ್‌ಎಸ್ ಸರ್ವರ್ ಉತ್ತರ ಕೊಡುತ್ತಿಲ್ಲ ಅನ್ನೋ ಸಾಲು. ಸ್ವಲ್ಪ ಹೊತ್ತಿಗೆ ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು. ಕೇಬಲ್ ಬದಲಿಸಿದೆ. ಸ್ವಿಚ್ಚಿಗೆ ಬೈದೆ. ಎರಡು ದಿನ ಹಾಳಾದ ಮೇಲೆ ಸರ್ವರಿನ ಎಆರ್‌ಪಿ ಟೇಬಲ್, ಅಂದರೆ ಯಾವ ಐಪಿ ಯಾವ ಕಾರ್ಡಿನದು ಅನ್ನೋ ಪಟ್ಟಿ, ನೋಡಿದೆ. ಒಂದೇ ಐಪಿ, ಅದರ ಎದುರು ಒಮ್ಮೆ ಒಂದು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತು), ಇನ್ನೊಮ್ಮೆ ಇನ್ನೊಂದು.

ಡಿಎಚ್‌ಸಿಪಿ ಇರುವಾಗ ಇಬ್ಬರಿಗೆ ಒಂದೇ ವಿಳಾಸ ಹೇಗೆ ಸಿಕ್ಕಿತು? ನನ್ನ ಲ್ಯಾಪ್‌ಟಾಪಿನಲ್ಲಿ ‘ಐಪಿ ಅಡ್ರ್’ ಕಮಾಂಡ್ ಕೊಟ್ಟರೆ ವಿಳಾಸದ ಕೆಳಗೆ ಇನ್ನೆಷ್ಟು ಸೆಕೆಂಡ್ ಬಾಕಿ ಅಂತ ಎಣಿಕೆ ಇಳಿಯುತ್ತಾ ಇರುತ್ತದೆ. ಲ್ಯಾಬಿನ ಮಷೀನಿನಲ್ಲಿ ಅದೇ ಜಾಗದಲ್ಲಿ ‘ಫಾರೆವರ್’ ಅಂತಿತ್ತು. ಅದನ್ನು ದಿನಾ ನೋಡಿದ್ದೆ, ಒಂದು ದಿನವೂ ಓದಿರಲಿಲ್ಲ.

ಆಗ ಕರ್ನಲ್ ಸೋರ್ಸಿನಲ್ಲಿ ಈ ಕೆಲಸ ಮಾಡುವ ಐಪಿಕಾನ್ಫಿಗ್.ಸಿ ಫೈಲ್ ತೆರೆದೆ. ಡಿಎಚ್‌ಸಿಪಿಯಲ್ಲಿ ವಿಳಾಸ ಸಿಗುವುದು ಲೀಸಿಗೆ ಹಾಕಿಸಿಕೊಂಡ ಮನೆಯ ಹಾಗೆ. 1997ರ ಆರ್‌ಎಫ್‌ಸಿ 2131 ಅನ್ನೋ ಡಿಎಚ್‌ಸಿಪಿ ನಿಯಮಪತ್ರದ ಪ್ರಕಾರ ಅವಧಿ ಅರ್ಧ ಕಳೆದಾಗ ಕ್ಲೈಂಟ್ ರಿನ್ಯೂ ಕೇಳಬೇಕು. ಸಿಗದಿದ್ದರೆ ಶೇ. 87.5 ಕಳೆದಾಗ ಬೇರೆ ಯಾವ ಸರ್ವರ್ ಆದರೂ ಸರಿ ಅಂತ ಕೇಳಬೇಕು. ಆಗಲೂ ಸಿಗದೆ ಅವಧಿ ಮುಗಿದರೆ ವಿಳಾಸ ಬಿಡಬೇಕು. ಕರ್ನಲ್ ಇದ್ಯಾವುದನ್ನೂ ಮಾಡುವುದಿಲ್ಲ. ಬೂಟ್ ಆಗುವಾಗ ಒಮ್ಮೆ ಕೇಳುತ್ತದೆ, ಸಿಕ್ಕಿದ್ದನ್ನು ಇಂಟರ್‌ಫೇಸಿಗೆ ಹಚ್ಚುತ್ತದೆ, ಕೈ ತೊಳೆದುಕೊಳ್ಳುತ್ತದೆ. ನಮ್ಮಲ್ಲಿ ವಿಳಾಸ ಹಂಚುವ ಸರ್ವರ್ ಪ್ರೋಗ್ರಾಂ ಡಿಎನ್‌ಎಸ್‌ಮಾಸ್ಕ್. ಏನೂ ಬರೆಯದಿದ್ದರೆ ಅದರ ಲೀಸ್ 1 ಗಂಟೆ. ನಾನು ಏನೂ ಬರೆದಿರಲಿಲ್ಲ. ಅಂದರೆ ಬೆಳಿಗ್ಗೆ 9:30ಕ್ಕೆ ಎದ್ದ ಮಷೀನು 10:30ರಿಂದಾಚೆ ಅಗ್ರಿಮೆಂಟ್ ಮುಗಿದ ಮನೆಯಲ್ಲೇ ಕೂತಿತ್ತು. ಸರ್ವರ್ ಅದೇ ಮನೆಯನ್ನು ಆಮೇಲೆ ಎದ್ದ ಮಷೀನಿಗೆ ಕೊಡುತ್ತಿತ್ತು.

ವಿಳಾಸ ಕೊಡುವ ಮುಂಚೆ ಡಿಎನ್‌ಎಸ್‌ಮಾಸ್ಕ್ ಪಿಂಗ್ ಮಾಡಿ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಅಂತ ಕೂಗಿ, ನೋಡುತ್ತದೆ, ಅದು ನಿಜ. ಆದರೆ ಸುರಕ್ಷತೆ ಅಂತ ಆ 36 ಮಷೀನಿನಲ್ಲೂ ಪಿಂಗ್‌ಗೆ ಉತ್ತರ ಕೊಡದಂತೆ ಮಾಡಿದ್ದು ನಾನೇ.

ಪಿಂಗ್‌ಗೆ ಉತ್ತರ ಕೊಡಲು ಬಿಟ್ಟೆ, ಲೀಸ್ ‘ಇನ್ಫಿನಿಟ್’ ಮಾಡಿದೆ. ಲ್ಯಾಬ್ ಅವತ್ತೇ ಸರಿಹೋಯಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಸಮಸ್ಯೆ ಇದ್ದದ್ದು ಕ್ಲೈಂಟಿನಲ್ಲಿ, ತೇಪೆ ಹಾಕಿದ್ದು ಸರ್ವರಿಗೆ. ಸರಿ, ಕೆಲಸವನ್ನು ಯೂಸರ್‌ಸ್ಪೇಸಿಗೆ, ಅಂದರೆ ಕರ್ನಲ್ ಹೊರಗೆ ಓಡುವ ಪ್ರೋಗ್ರಾಮುಗಳ ಕಡೆಗೆ, ತರೋಣ ಅಂತ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿದೆ. ಅದರೊಳಗೆ ಕೆಲಿಬ್‌ಸಿ ಅನ್ನೋ ಪುಟ್ಟ ಲೈಬ್ರರಿ ಜೊತೆ ಬರುವ ಐಪಿಕಾನ್ಫಿಗ್ ಪ್ರೋಗ್ರಾಂ ವಿಳಾಸ ತರುತ್ತದೆ. ಮತ್ತೆ ‘ಫಾರೆವರ್’! ಆ ಪ್ರೋಗ್ರಾಮೂ ಒಮ್ಮೆ ಕೇಳಿ ಹೊರಟುಹೋಗುವ ಜಾತಿಯದೇ. ಯೂಸರ್‌ಸ್ಪೇಸ್ ಅನ್ನುವ ಹೆಸರಿಗೇ ರಿನ್ಯೂ ಆಗಿಬಿಡುವುದಿಲ್ಲ, ಯಾರಾದರೂ ಕೂತು ಕಾಯಬೇಕು.

ಕೊನೆಗೆ ಸದಾ ಓಡುತ್ತಾ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಯನ್ನು ಕೂರಿಸಿದೆ. ಮೊದಲ ಬೂಟಿನಲ್ಲೇ ಮಷೀನು ಕಲ್ಲಾಯಿತು. ನೆಟ್‌ವರ್ಕ್‌ಡಿ ಎದ್ದ ತಕ್ಷಣ ತಾನು ತಂದಿಲ್ಲದ ಹಳೇ ವಿಳಾಸವನ್ನು ಕಿತ್ತುಹಾಕಿತು. ರೂಟ್ ಫೈಲ್‌ಸಿಸ್ಟಮ್ ನಿಂತಿದ್ದು ಅದೇ ವಿಳಾಸದ ಮೇಲೆ. ಕೂತ ಕೊಂಬೆಯನ್ನೇ ಕಡಿದ ಹಾಗೆ. ಎರಡು ಸಾಲು ಸೇರಿಸಬೇಕಾಯಿತು. ‘ಕೀಪ್‌ಕಾನ್ಫಿಗರೇಷನ್=ಯೆಸ್’ ಹಾಕಿದರೆ ಇರುವ ವಿಳಾಸವನ್ನು ಮುಟ್ಟುವುದಿಲ್ಲ, ಲೀಸ್ ಮುಗಿದರೂ ಬಿಡುವುದಿಲ್ಲ. ಇದು ಡಿಎಚ್‌ಸಿಪಿ ನಿಯಮಕ್ಕೆ ವಿರುದ್ಧ, ಆದರೆ ರೂಟ್ ನೆಟ್‌ವರ್ಕ್ ಮೇಲಿದ್ದರೆ ಇದೇ ಒಳ್ಳೆಯದಿರಬಹುದು ಅಂತ ಅದರ ಮ್ಯಾನುಯಲ್ಲೇ ಒಪ್ಪಿಕೊಳ್ಳುತ್ತದೆ. ಕರ್ನಲ್ ಮಾಡಿದ ತಪ್ಪನ್ನು ನಾನೀಗ ಬೇಕಂತಲೇ ಮಾಡುತ್ತಿದ್ದೆ. ವ್ಯತ್ಯಾಸ ಇಷ್ಟೇ: ಇಲ್ಲಿ ರಿನ್ಯೂ ಕೇಳುವವರು ಒಬ್ಬರಿದ್ದಾರೆ. ಎರಡನೆಯದು ‘ಕ್ಲೈಂಟ್‌ಐಡೆಂಟಿಫಯರ್=ಮ್ಯಾಕ್’. ಇದು ಇಲ್ಲದಿದ್ದರೆ ನೆಟ್‌ವರ್ಕ್‌ಡಿ ಬೇರೆ ಗುರುತು ಹೇಳಿಕೊಂಡು ಹೋಗುತ್ತದೆ, ಸರ್ವರಿಗೆ ಒಂದೇ ಮಷೀನು ಇಬ್ಬರಂತೆ ಕಾಣಬಹುದು.

ಹಾಗಂತ ಕರ್ನಲ್‌ಗೆ ಅವಧಿ ಎಣಿಸಲು ಬರುವುದಿಲ್ಲ ಅಂತಲ್ಲ. ಐಪಿಯ ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ರೂಟರ್ ಸಾರಿದ್ದನ್ನು ಕೇಳಿ ಲಿನಕ್ಸ್ ಕರ್ನಲ್ ತಾನೇ ವಿಳಾಸ ಕಟ್ಟಿಕೊಳ್ಳುತ್ತದೆ, ಬೇರೆಯವರ ಬಳಿ ಅದೇ ಇದೆಯಾ ಅಂತ ವಿಚಾರಿಸುತ್ತದೆ, ಆಯಸ್ಸನ್ನೂ ಎಣಿಸುತ್ತದೆ. ಅದೇ ಸಂದೇಶದಲ್ಲಿ ಡಿಎನ್‌ಎಸ್ ಸರ್ವರಿನ (ಹೆಸರು ಕೊಟ್ಟರೆ ಐಪಿ ಹೇಳುವ ಸರ್ವರಿನ) ವಿಳಾಸವಿದ್ದರೆ ಮಾತ್ರ ತಾನು ಇಟ್ಟುಕೊಳ್ಳದೆ, ನೆಟ್‌ಲಿಂಕ್ ಅನ್ನೋ ದಾರಿಯಲ್ಲಿ ಮೇಲಿನ ಯೂಸರ್‌ಸ್ಪೇಸಿಗೆ ದಾಟಿಸುತ್ತದೆ. ಕರ್ನಲ್‌ಗೂ ಯೂಸರ್‌ಸ್ಪೇಸಿಗೂ ನಡುವೆ ನನಗೆ ಇಷ್ಟವಾದ ಗೆರೆ ಇದು. ವಿಂಡೋಸ್ ಆ ಡಿಎನ್‌ಎಸ್ ಭಾಗವನ್ನು ಕರ್ನಲ್ ಒಳಗೇ ಬಿಡಿಸಿ ಓದುತ್ತಿತ್ತು. ಅಲ್ಲಿದ್ದ ‘ಬ್ಯಾಡ್ ನೇಬರ್’ ದೋಷವನ್ನು ಮೈಕ್ರೋಸಾಫ್ಟ್ 2020ರ ಅಕ್ಟೋಬರಿನಲ್ಲಿ ಸರಿಪಡಿಸಿತು. ಅದಕ್ಕೂ ಮುಂಚೆ ಕೆಟ್ಟದಾಗಿ ಕಟ್ಟಿದ ಒಂದು ಪ್ಯಾಕೆಟ್ಟಿಗೆ ಇಡೀ ಮಷೀನು ನೀಲಿ ಪರದೆ ತೋರಿಸಿ ಬೀಳುತ್ತಿತ್ತು. ನೆಟ್‌ವರ್ಕ್‌ಡಿಯೇನೂ ಸಾಚಾ ಅಲ್ಲ, ಅದರ ಡಿಎಚ್‌ಸಿಪಿವಿ6 ಕೋಡಿನಲ್ಲೂ 2018ರಲ್ಲಿ ಅಂಥದ್ದೇ ತೂತು ಸಿಕ್ಕಿತ್ತು. ಆದರೆ ಅದು ರೂಟ್ ಅಧಿಕಾರ ಇಲ್ಲದೆ ಓಡುವ ಒಂದು ಪ್ರಾಸೆಸ್. ಸತ್ತರೆ ಮತ್ತೆ ಎಬ್ಬಿಸಬಹುದು.

ಮನೆಯ ಮೇಜಿನ ಮೇಲೆ ಡ್ರೈವರ್ ಪರೀಕ್ಷೆಗೆ ಒಂದು ಚಿಕ್ಕ ಬೋರ್ಡ್ ಇಟ್ಟಿದ್ದೇನೆ. ದಿನಕ್ಕೆ ಇಪ್ಪತ್ತು ಸಲ ಬೂಟ್ ಆಗುತ್ತದೆ, ಒಮ್ಮೆಯೂ ಗಂಟೆಗಟ್ಟಲೆ ಓಡುವುದಿಲ್ಲ. ಅದರ ಬೂಟ್ ಸಾಲಿನಲ್ಲಿ ಈಗಲೂ ‘ಐಪಿ=ಡಿಎಚ್‌ಸಿಪಿ’ ಅಂತಲೇ ಇದೆ.